ಎಲೆಯಲ್ಲಿ ಅನ್ನಕ್ಕೆ ಕೊನೆಯ ಜಾಗ

ಪ್ರಶ್ನೆ: ನನಗೆ 36 ವರ್ಷ. ಬದಿಯಡ್ಕದ ಹತ್ತಿರ ನಮ್ಮ ಮನೆ. ತೋಟ, ಹಟ್ಟಿ, ಕೂಡುಕುಟುಂಬ, ಸಸ್ಯಾಹಾರ. ಮೂರು ತಿಂಗಳ ಹಿಂದೆ ಮಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಯಿತು. 112 ಕಿಲೋ ಇದ್ದದ್ದು 93ಕ್ಕೆ ಬಂದಿದೆ. ಈಗ ನಾಲ್ಕು ತುತ್ತು ಅನ್ನ ಉಣ್ಣುವಷ್ಟರಲ್ಲಿ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ನೊರೆ ನೊರೆಯಾಗಿ ವಾಂತಿ ಬರುತ್ತದೆ. ಹಲಸಿನಕಾಯಿ ಹಪ್ಪಳ, ಚಿಪ್ಸ್ ಮಾತ್ರ ಎಷ್ಟು ತಿಂದರೂ ಏನೂ ಆಗುವುದಿಲ್ಲ. ಎರಡು ವಾರದಿಂದ ತೂಕ ನಿಂತಲ್ಲೇ ನಿಂತಿದೆ. ಕೂದಲು ಹಿಡಿ ಹಿಡಿಯಾಗಿ ಉದುರುತ್ತಿದೆ. ನಾನು ಉಣ್ಣದೆ ಸಾಯುತ್ತೇನೆಂದು ಅತ್ತೆಗೆ ಗಾಬರಿ, ಗಂಜಿತೆಳಿ ಕುಡಿಸುತ್ತಲೇ ಇದ್ದಾರೆ. ಒಂದು ಒಳ್ಳೆಯದೆಂದರೆ ವರ್ಷಗಳಿಂದ ಹದ ತಪ್ಪಿದ್ದ ಮುಟ್ಟು ಈಗ ಸರಿಯಾಗಿದೆ. ಬರುವ ತಿಂಗಳು ನಾದಿನಿಯ ಮದುವೆ. ಪಂಕ್ತಿಯಲ್ಲಿ ಕೂರುವುದು ಹೇಗೆ? ಮೊದಲಿನಂತೆ ಉಣ್ಣಲು ಆಗುವುದು ಯಾವಾಗ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೊದಲಿನಂತೆ ಉಣ್ಣುವ ದಿನ ಬರುವುದಿಲ್ಲ, ಬರಲೂಬಾರದು. ಆದರೆ ಎಲ್ಲರ ಜೊತೆ ಕೂತು, ಮನೆಯವರಿಗೆ ಮಾಡಿದ ಅಡುಗೆಯನ್ನೇ, ವಾಂತಿಯ ಹೆದರಿಕೆಯಿಲ್ಲದೆ ಉಣ್ಣುವ ದಿನ ಬರುತ್ತದೆ, ಅದಕ್ಕೆ ತುಂಬ ಕಾಲ ಕಾಯುವುದೂ ಬೇಡ. ಪ್ರಮಾಣ ಚಿಕ್ಕದಿರುತ್ತದೆ, ಬಡಿಸುವ ಕ್ರಮ ಬೇರೆ ಇರುತ್ತದೆ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಕ್ರಮದಿಂದಲೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಡೆಯವರ ಕೈಗೆ ಸಿಗುವ ಡಯಟ್ ಚೀಟಿಯಲ್ಲಿ ಓಟ್ಸ್, ಬ್ರೊಕೊಲಿ, ಸೂಪು ಇರುತ್ತವೆ. ನಮ್ಮ ಕೊದಿಲು (ಸಾಂಬಾರು), ತಂಬುಳಿ, ಮೇಲಾರ (ಮಜ್ಜಿಗೆಹುಳಿ) ಇರುವುದಿಲ್ಲ. ಹಾಗಾಗಿ ಒಂದು ತಿಂಗಳು ಚೀಟಿ ನೋಡಿ ನಡೆದವರು ಆಮೇಲೆ ಅದನ್ನು ಕಪಾಟಿನಲ್ಲಿಟ್ಟು, ಹಳೆಯ ಊಟವನ್ನೇ ಸಣ್ಣದು ಮಾಡಿಕೊಂಡು ಕೂರುತ್ತಾರೆ. ಯಡವಟ್ಟು ಶುರುವಾಗುವುದು ಅಲ್ಲಿಂದ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಸಪೂರ ಕೊಳವೆ. ಶುರುವಿನಲ್ಲಿ ಅದು ಹಿಡಿಯುವುದು 100ರಿಂದ 150 ಮಿಲಿಲೀಟರ್. ತಿಂದ ಹಾಗೆ ಹಿಗ್ಗಿಕೊಂಡು ಜಾಗ ಕೊಡುತ್ತಿದ್ದ ಮೇಲ್ಭಾಗವೇ ಈಗ ಇಲ್ಲ. ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುತ್ತಿದ್ದದ್ದೂ ಅದೇ ಭಾಗದಲ್ಲಿ. ಹಸಿವೇ ಆಗುವುದಿಲ್ಲ ಎಂದು ಆಪರೇಷನ್ ಆದವರು ಹೇಳುವುದು ಅದಕ್ಕೇ.

ಇನ್ನು ಅನ್ನ. ಸಾರು ಹಾಕಿ ಕಲಸಿದ ಅನ್ನವನ್ನು ನಾವು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ. ದೊಡ್ಡ ಜಠರವಿದ್ದಾಗ ಆ ಕೆಲಸವನ್ನು ಅದು ಸುಧಾರಿಸಿಕೊಳ್ಳುತ್ತಿತ್ತು. ಈಗ ನುಂಗಿದ ತುತ್ತುಗಳು ಕೊಳವೆಯ ಬಾಯಲ್ಲಿ ಒಂದರ ಮೇಲೊಂದು ಕೂತು ಮುದ್ದೆಗಟ್ಟುತ್ತವೆ. ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ, ದೋಸೆ, ಚಪಾತಿ, ಬ್ರೆಡ್ಡು ಇವೆಲ್ಲ ಹೀಗೆ ಅಂಟುವ ಜಾತಿಯವು. ಕೆಳಗೆ ಇಳಿಯದ್ದನ್ನು ಇಳಿಸಲು ದೇಹ ಜೊಲ್ಲು, ಲೋಳೆ ಸುರಿಸುತ್ತದೆ. ನಿಮಗೆ ಬರುವ ನೊರೆ ಅದೇ. ಹಾಗಾದಾಗ ನೀರು ಕುಡಿದು ತಳ್ಳಲು ಹೋಗಬೇಡಿ, ಸಂಕಟ ಇನ್ನೂ ಹೆಚ್ಚುತ್ತದೆ. ಉಣ್ಣುವುದನ್ನು ನಿಲ್ಲಿಸಿ, ಎದ್ದು ಜಗಲಿಯಲ್ಲಿ ಅತ್ತಿತ್ತ ನಡೆಯಿರಿ. ಆ ಹೊತ್ತಿನ ಊಟ ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ.

ಒಂದು ಎಚ್ಚರಿಕೆ ಇದೆ. ಇಷ್ಟನ್ನೂ ಓದಿ, ಉಣ್ಣುವ ರೀತಿಯನ್ನು ಬದಲಿಸಿ, ಒಂದು ವಾರದಲ್ಲೂ ವಾಂತಿ ಕಡಿಮೆಯಾಗದಿದ್ದರೆ ಅದನ್ನು 'ಹೀಗೇ ಇರುತ್ತದಂತೆ' ಎಂದು ಸಹಿಸಿಕೊಳ್ಳಬೇಡಿ. ಮೊದಲು ಇಳಿಯುತ್ತಿದ್ದ ಮೆತ್ತನೆಯ ಆಹಾರವೂ ಈಗ ಇಳಿಯುವುದಿಲ್ಲ, ನೀರೂ ನಿಲ್ಲುವುದಿಲ್ಲ ಎಂಬ ಹಂತಕ್ಕೆ ಬಂದರೆ ಒಂದು ವಾರವೂ ಕಾಯುವಂತಿಲ್ಲ. ಕೊಳವೆ ಒಂದು ಕಡೆ ಕಿರಿದಾಗಿರುವ ಅಥವಾ ಮಡಚಿಕೊಂಡಿರುವ ಸಾಧ್ಯತೆ ಇರುತ್ತದೆ. ಅದು ಎಂಡೋಸ್ಕೋಪಿಯಲ್ಲಿ ಕಾಣುತ್ತದೆ. ಹೆಚ್ಚಿನ ಸಲ ಬಲೂನು ಹಾಕಿ ಹಿಗ್ಗಿಸಿ ಸರಿಪಡಿಸಲಿಕ್ಕೂ ಆಗುತ್ತದೆ. ನಿಮಗೆ ಆಪರೇಷನ್ ಮಾಡಿದ ತಂಡಕ್ಕೆ ಇವತ್ತೇ ಒಂದು ಫೋನು ಮಾಡಿ ವಾಂತಿಯ ವಿಷಯ ತಿಳಿಸಿಟ್ಟಿರಿ.

ಈಗ ಎಲೆಯ ಮೇಲಿನ ಕ್ರಮಕ್ಕೆ ಬರೋಣ. ನಮ್ಮ ಊಟದಲ್ಲಿ ಅನ್ನವೇ ಯಜಮಾನ. ಉಳಿದದ್ದೆಲ್ಲ ಅನ್ನವನ್ನು ಒಳಗೆ ಕಳಿಸಲು ಇರುವ ಪರಿವಾರ. ಅರ್ಧ ಕಪ್ ಹಿಡಿಯುವ ಹೊಟ್ಟೆಗೆ ಈ ವ್ಯವಸ್ಥೆ ನಡೆಯುವುದಿಲ್ಲ. 100 ಗ್ರಾಂ ಅನ್ನದಲ್ಲಿ ಇರುವ ಪ್ರೋಟೀನು ಎರಡೂವರೆ ಗ್ರಾಂ. ನಿಮಗೆ ದಿನಕ್ಕೆ ಬೇಕಾದದ್ದು ಕಡಿಮೆಯೆಂದರೆ 60 ಗ್ರಾಂ, 80ರವರೆಗೆ ಹೋದರೆ ಒಳ್ಳೆಯದು. ಅನ್ನದಿಂದ ಶುರು ಮಾಡಿದರೆ ಅನ್ನದಲ್ಲೇ ಹೊಟ್ಟೆ ತುಂಬಿ ಊಟ ಮುಗಿದಿರುತ್ತದೆ. ಆದ್ದರಿಂದ ಎಲೆಗೆ ಮೊದಲು ಪ್ರೋಟೀನು, ಆಮೇಲೆ ಪಲ್ಯ, ಜಾಗ ಉಳಿದರೆ ಕೊನೆಗೆ ಒಂದೆರಡು ಚಮಚ ಅನ್ನ. ಆ ಎರಡು ಚಮಚಕ್ಕೆ ಕುಚ್ಚಲಕ್ಕಿ ಆದೀತು. ಚೆನ್ನಾಗಿ ಮೆತ್ತಗೆ ಬೇಯಿಸಿ, ಬಾಯಲ್ಲಿ ನುಣ್ಣಗಾಗುವವರೆಗೆ ಅಗಿಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಬೇಕು. ದೊಡ್ಡ ಚಮಚ ಬಿಟ್ಟು ಮಗುವಿಗೆ ತಿನ್ನಿಸುವ ಚಮಚ ಹಿಡಿದರೆ ಕೈಯ ವೇಗ ತಾನೇ ಇಳಿಯುತ್ತದೆ.

ಸಸ್ಯಾಹಾರದಲ್ಲಿ 60 ಗ್ರಾಂ ಎಲ್ಲಿಂದ ತರುವುದು ಎಂಬುದು ನಿಜವಾದ ಕಷ್ಟ, ಅದನ್ನು ಹಾರಿಸಿ ಹೋಗುವುದಿಲ್ಲ. ಮೀನು ತಿನ್ನುವ ಮನೆಯವರಿಗೆ ನಾನು ಒಂದೇ ಸಾಲಿನಲ್ಲಿ ಹೇಳಿ ಕಳಿಸಬಹುದು: 100 ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನು, ಒಂದು ಮೊಟ್ಟೆಯಲ್ಲಿ 6. ನಿಮಗೆ ಹಾಗಿಲ್ಲ. ನಮ್ಮ ಕಡೆಯ ಅಡುಗೆಯಲ್ಲಿ ತರಕಾರಿ ಯಥೇಚ್ಛ, ತೆಂಗಿನಕಾಯಿ ಯಥೇಚ್ಛ, ಬೇಳೆ ಮಾತ್ರ ತೆಳು. ಬೋಳುಕೊದಿಲಿನಲ್ಲಿ ಬೇಳೆಯೇ ಇರುವುದಿಲ್ಲ. ಮೇಲಾರದಲ್ಲಿ ಮಜ್ಜಿಗೆ ಇದೆ, ಆದರೆ ಅದರ ಬಹುಪಾಲು ನೀರು. ತೆಂಗಿನಕಾಯಿಯಲ್ಲಿ ಇರುವುದು ಹೆಚ್ಚಾಗಿ ಕೊಬ್ಬು. ಇವನ್ನು ಬಿಡಿ ಎನ್ನುವುದಿಲ್ಲ. ಇವು ಪ್ರೋಟೀನಿನ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಗೊತ್ತಿರಲಿ.

ಲೆಕ್ಕಕ್ಕೆ ಬರುವವು ಯಾವುವೆಂದರೆ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು 100 ಗ್ರಾಂಗೆ ಸುಮಾರು 8. ಪನೀರು 50 ಗ್ರಾಂಗೆ 9. ಒಣಗಿದ ಸೋಯಾ ಉಂಡೆ 25 ಗ್ರಾಂ ನೆನೆಸಿ ಬೇಯಿಸಿದರೆ 13. ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಬೇಳೆಯ ಗಟ್ಟಿ ತೊವ್ವೆಯಲ್ಲಿ 7. ಇದಿಷ್ಟೂ ಸೇರಿ 45. ಒಂದು ದಿನದಲ್ಲಿ ಐದಾರು ಸಲ ಹಂಚಿ ಉಂಡರೆ ಮಾತ್ರ ಇಷ್ಟು ಹಿಡಿಯುತ್ತದೆ, ಅದೂ ಹದ ಕೂಡಿಬಂದ ದಿನ. 60 ಮುಟ್ಟಲು ಉಳಿದ 15 ಗ್ರಾಂಗೆ ಈ ಮೊದಲ ವರ್ಷದಲ್ಲಿ ಪುಡಿಯ ಸಹಾಯ ಬೇಕಾಗುತ್ತದೆ. ಹಾಲಿನಿಂದ ತೆಗೆದ ವೇ ಪ್ರೋಟೀನು ಒಂದು ಅಳತೆಗೆ 20ರಿಂದ 25 ಗ್ರಾಂ ಕೊಡುತ್ತದೆ. ಡಬ್ಬಿಯ ಹಿಂದೆ ಬರೆದಿರುತ್ತದೆ, ಓದಿ. ಮಕ್ಕಳಿಗೆ ಹಾಲಿಗೆ ಹಾಕಿ ಕೊಡುವ ಚಾಕೊಲೇಟ್ ಪುಡಿಗಳು ಈ ಕೆಲಸಕ್ಕೆ ಬಾರವು. ಅವುಗಳಲ್ಲಿ ಸಕ್ಕರೆಯೇ ಹೆಚ್ಚು. ಕೆಲವರಿಗೆ ಆಪರೇಷನ್ ನಂತರ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಅಂಥವರಿಗೆ ಮೊಸರು ಸಾಮಾನ್ಯವಾಗಿ ಹಿಡಿಸುತ್ತದೆ, ಪುಡಿಯಲ್ಲೂ ಲ್ಯಾಕ್ಟೋಸ್ ತೆಗೆದದ್ದು ಸಿಗುತ್ತದೆ.

ನಿಮ್ಮ ಅತ್ತೆಯನ್ನು ಎದುರುಪಕ್ಷದಲ್ಲಿ ಕೂರಿಸಬೇಡಿ. ಅವರ ಗಾಬರಿಗೆ ಕಾರಣವಿದೆ. ಯಾರಾದರೂ ಸೊರಗಿದರೆ ಗಂಜಿತೆಳಿ ಕೊಡುವುದು ಅವರು ಕಂಡ ಆರೈಕೆ. ಆದರೆ ಒಂದು ಲೋಟ ತೆಳಿಯಲ್ಲಿ ಒಂದು ಗ್ರಾಂ ಪ್ರೋಟೀನು ಸಿಗುವುದೂ ಕಷ್ಟ, ಹೊಟ್ಟೆಯ ಜಾಗವಂತೂ ಹೋಯಿತು. ಅವರಿಗೆ ಪ್ರೋಟೀನು, ಕ್ಯಾಲರಿ ಎಂದರೆ ತಲೆಗೆ ಹೋಗದು. ಪಥ್ಯ ಎಂದರೆ ಹೋಗುತ್ತದೆ. ಬಾಣಂತಿಗೆ ಇಂಥದ್ದು ಕೊಡಬೇಕು, ಇಂಥದ್ದು ಕೊಡಬಾರದು ಎಂಬುದನ್ನು ಅವರು ಚಾಚೂ ತಪ್ಪದೆ ನಡೆಸಿಕೊಂಡು ಬಂದವರು. ಇದೂ ಹಾಗೆ ಒಂದು ಪಥ್ಯ, ನಲವತ್ತು ದಿನಕ್ಕೆ ಮುಗಿಯುವುದಿಲ್ಲ ಎಂಬುದೊಂದೇ ವ್ಯತ್ಯಾಸ ಎನ್ನಿ. ಆಮೇಲೆ ಅವರಿಗೇ ಕೆಲಸ ಒಪ್ಪಿಸಿ: ದಿನಾ ಮೊಸರು ಬಟ್ಟೆಯಲ್ಲಿ ಕಟ್ಟುವುದು, ಹಾಲು ಒಡೆಸಿ ಪನೀರು ಮಾಡುವುದು, ತೊವ್ವೆಯನ್ನು ನೀರು ಕಮ್ಮಿ ಮಾಡಿ ಬೇಯಿಸುವುದು. ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ ತಳಿಯ ಸಣ್ಣ ದನ ಆದರೆ ಹಾಲು ಮನೆಮಂದಿಗೇ ಸಾಲದೆ ಬರಬಹುದು, ಆಗ ಸೊಸೈಟಿಯ ಹಾಲು ತರಿಸಿ. ಕೈಗೆ ಕೆಲಸ ಸಿಕ್ಕಿದವರ ಗಾಬರಿ ಬೇಗ ಇಳಿಯುತ್ತದೆ. ಗಂಜಿಯೇ ಬೇಕು ಎಂದು ಅವರು ಹಟ ಹಿಡಿದರೆ ಹೆಸರುಕಾಳು ಹೆಚ್ಚು, ಅಕ್ಕಿ ಚೂರು ಹಾಕಿ ಬೇಯಿಸಿದ ಗಂಜಿ ಆಗಬಹುದು.

ಹಪ್ಪಳದ ವಿಷಯ ನೀವಾಗಿಯೇ ಬರೆದಿರಿ. ಅದನ್ನು ಮುಚ್ಚಿಡುವವರೇ ಹೆಚ್ಚು. ಹಪ್ಪಳ, ಚಿಪ್ಸ್, ಚಕ್ಕುಲಿ, ಬಿಸ್ಕತ್ತು, ಉಂಡ್ಲಕಾಳು ಇವು ಬಾಯಲ್ಲೇ ಪುಡಿಯಾಗಿ ಜೊಲ್ಲಿನ ಜೊತೆ ಸರಾಗ ಜಾರಿ ಹೋಗುತ್ತವೆ. ಕೊಳವೆಯಲ್ಲಿ ನಿಲ್ಲುವುದಿಲ್ಲ, ಹೊಟ್ಟೆ ತುಂಬಿತೆಂಬ ಸಂದೇಶವನ್ನೂ ಕೊಡುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕರಿದ ಚಿಪ್ಸ್ 100 ಗ್ರಾಂ ತಿಂದರೆ 500 ಕ್ಯಾಲರಿಯ ಮೇಲೆ ಹೋಗುತ್ತದೆ, ಸಂಜೆ ಜಗಲಿಯಲ್ಲಿ ಮಾತಾಡುತ್ತ 100 ಗ್ರಾಂ ಮುಗಿಸುವುದು ಕಷ್ಟವೇನಲ್ಲ. ಅತ್ತ ಪನೀರು, ಸೋಯಾ ನಾಲ್ಕು ತುತ್ತಿಗೆ ಸಾಕೆನ್ನಿಸುತ್ತವೆ. ಹೀಗಾಗಿ ಆಪರೇಷನ್ ಆದವರು ತಿಳಿಯದೆಯೇ ಒಂದು ತೀರ್ಮಾನಕ್ಕೆ ಬರುತ್ತಾರೆ: 'ನನಗೆ ಇದು ಹಿಡಿಸುತ್ತದೆ, ಅದು ಹಿಡಿಸುವುದಿಲ್ಲ.' ಈ ತೀರ್ಮಾನವನ್ನು ತಲೆಕೆಳಗು ಮಾಡಿಕೊಳ್ಳಬೇಕು. ಸ್ವಲ್ಪಕ್ಕೇ ಸಾಕೆನ್ನಿಸುವ ಆಹಾರವೇ ಆಪರೇಷನ್ನಿನ ಜೊತೆ ಸೇರಿ ಕೆಲಸ ಮಾಡುವ ಆಹಾರ. ಬೇಸಿಗೆಯಲ್ಲಿ ಒಣಗಿಸಿ ಡಬ್ಬಿ ತುಂಬಿಟ್ಟ ಹಪ್ಪಳ ಇರುವ ಮನೆಯಲ್ಲಿ ಮುಟ್ಟಲೇಬೇಡಿ ಎಂದು ಬರೆಯುವುದು ಸುಲಭ, ನಡೆಸುವುದು ಕಷ್ಟ ಎಂದು ನನಗೆ ಗೊತ್ತು. ಊಟದ ಕೊನೆಗೆ, ಎಲೆಯಲ್ಲಿ, ಒಂದು ಹಪ್ಪಳ. ಊಟವಿಲ್ಲದ ಹೊತ್ತಿನಲ್ಲಿ, ಡಬ್ಬಿಗೆ ಕೈ ಹಾಕಿಕೊಂಡು ತಿನ್ನುವುದು ಬೇಡವೇ ಬೇಡ. ಹಲಸಿನಹಣ್ಣಿನ ಬೆರಟಿ, ಮಾವಿನಹಣ್ಣಿನ ಮಾಂಬಳಕ್ಕೂ ಇದೇ ಮಾತು.

ಎರಡು ವಾರ ತೂಕ ನಿಂತದ್ದಕ್ಕೆ ಹಪ್ಪಳವೊಂದೇ ಕಾರಣವೆಂದು ಮಾತ್ರ ತಿಳಿಯಬೇಡಿ. ಮೊದಲ ಕೆಲವು ತಿಂಗಳಲ್ಲಿ ಹೀಗೆ ನಿಂತು ನಿಂತು ಇಳಿಯುವುದು ಸಾಮಾನ್ಯ. ಮೂರು ತಿಂಗಳಲ್ಲಿ 19 ಕಿಲೋ ಎಂದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ. ಸ್ಲೀವ್ ಆದವರು ಒಂದರಿಂದ ಒಂದೂವರೆ ವರ್ಷದಲ್ಲಿ ಮೂಲ ತೂಕದ ಕಾಲುಭಾಗ, ಅಥವಾ ಅದಕ್ಕೂ ತುಸು ಹೆಚ್ಚು ಕಳೆದುಕೊಳ್ಳುತ್ತಾರೆ. ನಿಮ್ಮ ಮಟ್ಟಿಗೆ 78ರಿಂದ 84 ಕಿಲೋದ ನಡುವೆ ಎಲ್ಲೋ ಒಂದು ಕಡೆ. ಆಮೇಲೆ ಸ್ವಲ್ಪ ಏರುವುದೂ ಇದೆ. ನೆರೆಮನೆಯವರು ನಿರೀಕ್ಷಿಸುವ ಹಾಗೆ 55ಕ್ಕೆ ಬರುವುದು ಈ ಆಪರೇಷನ್ನಿನ ಉದ್ದೇಶವೂ ಅಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಗಿ ನೋಡಿದರೆ ಸಾಕು.

ಕೂದಲು ಉದುರುವುದು ಹೆಂಗಸರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ದೊಡ್ಡ ಆಪರೇಷನ್, ದಿಢೀರ್ ತೂಕ ಇಳಿಕೆ, ಹೆರಿಗೆ, ಜೋರು ಜ್ವರ, ಇವುಗಳ ನಂತರ ಕೂದಲಿನ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಅದರ ಫಲ ಕಾಣುವುದು ಮೂರನೆಯ ತಿಂಗಳಿನಿಂದ. ಆರರ ಹೊತ್ತಿಗೆ ಕಡಿಮೆಯಾಗಿ, ವರ್ಷದೊಳಗೆ ಹೊಸ ಕೂದಲು ಬರುತ್ತದೆ. ಎಣ್ಣೆ ಬದಲಿಸಿದರೆ ಏನೂ ಆಗುವುದಿಲ್ಲ. ಪ್ರೋಟೀನು, ಕಬ್ಬಿಣ, ಸತು ಕಡಿಮೆಯಾಗಿದ್ದರೆ ಮಾತ್ರ ಉದುರುವುದು ಹೆಚ್ಚುತ್ತದೆ, ಲಂಬಿಸುತ್ತದೆ.

ನೀರಿನ ಬಗ್ಗೆ ನೀವು ಬರೆದಿಲ್ಲ, ಆದರೆ ನಮ್ಮ ಊರಿಗೆ ಅದು ಮುಖ್ಯ. ದಿನಕ್ಕೆ ಒಂದೂವರೆ ಲೀಟರಾದರೂ ಹೋಗಬೇಕು, ಕುಂಭ-ಮೀನ ತಿಂಗಳ ಸೆಕೆಯಲ್ಲಿ ಇನ್ನೂ ಹೆಚ್ಚು. ಒಂದೇ ಸಲ ಗಟಗಟ ಕುಡಿಯುವ ಕಾಲ ಹೋಯಿತು. ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು, ಊಟದ ಜೊತೆಗೆ ಮತ್ತು ಊಟವಾದ ಅರ್ಧ ಗಂಟೆಯವರೆಗೆ ಕುಡಿಯಬಾರದು. ಈ ನಿಯಮವನ್ನು ಎಲ್ಲ ಚೀಟಿಗಳಲ್ಲೂ ಬರೆದಿರುತ್ತಾರೆ. ನಮ್ಮವರು ಶ್ರದ್ಧೆಯಿಂದ ಪಾಲಿಸುತ್ತಾರೆ ಕೂಡ, ಊಟಕ್ಕೆ ಕೂತಾಗ ನೀರಿನ ಲೋಟವನ್ನೇ ಮುಟ್ಟುವುದಿಲ್ಲ. ಆದರೆ ಅನ್ನ ಸಾರಿನಲ್ಲಿ ತೇಲುತ್ತಿರುತ್ತದೆ, ಕೊನೆಗೆ ಮಜ್ಜಿಗೆ ಹುಯ್ದು ಸುರಿಯುತ್ತಾರೆ! ಸಾರು, ತಂಬುಳಿ, ಮಜ್ಜಿಗೆ ಎಲ್ಲವೂ ನೀರಿನ ಲೆಕ್ಕವೇ. ಇವನ್ನು ಊಟದಿಂದ ಬೇರೆ ಮಾಡಿ. ಹನ್ನೊಂದು ಗಂಟೆಗೆ ಒಂದು ಲೋಟ ತೆಳು ತಂಬುಳಿ, ನಾಲ್ಕಕ್ಕೆ ಉಪ್ಪು-ಶುಂಠಿಯ ನೀರುಮಜ್ಜಿಗೆ, ನಡುವೆ ಜೀರಿಗೆ ಕಷಾಯ, ಬೆಲ್ಲ ಹಾಕದ್ದು. ಇಷ್ಟರಲ್ಲೇ ಮುಕ್ಕಾಲು ಲೀಟರ್ ಆಗುತ್ತದೆ, ನೀರು ಕುಡಿದು ಕುಡಿದು ಬೇಸರ ಬಂತು ಎಂಬ ದೂರೂ ಇರುವುದಿಲ್ಲ. ನೆಂಟರ ಮನೆಗೆ ಹೋದಲ್ಲಿ ಆಸರಿಂಗೆ ಎಂದು ಬೆಲ್ಲ-ನೀರೋ ಶರಬತ್ತೋ ಬಂದರೆ ಮಜ್ಜಿಗೆ ಕೇಳಿ, ನಮ್ಮ ಕಡೆ ಅದಕ್ಕೆ ಯಾರೂ ಬೇಸರಿಸುವುದಿಲ್ಲ. ಸೋಡಾ ಬೇಡ.

ಮದುವೆಯ ದಿನ ನೀವು ಹೆಚ್ಚು ಉಂಡುಬಿಡುತ್ತೀರಿ ಎಂಬ ಹೆದರಿಕೆ ನನಗಿಲ್ಲ. ಮನೆಯ ಸೊಸೆಯಾಗಿ ಬೆಳಗಿನ ಜಾವ ಎದ್ದು, ಓಡಾಡಿ, ನೀರೂ ಕುಡಿಯದೆ ಮೂರು ಗಂಟೆಗೆ ಬಡಿಸುವವರ ಪಂಕ್ತಿಯಲ್ಲಿ ಕೂತು, ಆ ಹಸಿವಿನಲ್ಲಿ ಅವಸರವಾಗಿ ಉಣ್ಣುತ್ತೀರಿ, ಅದೇ ಹೆದರಿಕೆ. ಬೆಳಿಗ್ಗೆ ಸೀರೆ ಉಡುವ ಮೊದಲೇ ಪ್ರೋಟೀನು ಹಾಕಿದ ಹಾಲು ಮುಗಿದಿರಲಿ. ಸಣ್ಣ ಬಾಟಲಿ ನೀರು ಮತ್ತು ಡಬ್ಬಿಯಲ್ಲಿ ನಾಲ್ಕು ತುಂಡು ಪನೀರು ಚೀಲದಲ್ಲಿರಲಿ. ಮೊದಲನೆಯ ಪಂಕ್ತಿಯಲ್ಲೇ ಕೂತುಬಿಡಿ. ಎಲೆಯಲ್ಲಿ ಕೋಸಂಬರಿ ಬಂದ ಕೂಡಲೇ ಅದನ್ನು ಚೆನ್ನಾಗಿ ಅಗಿದು ತಿನ್ನಿ, ಹೆಸರುಬೇಳೆಯಲ್ಲವೆ. ಆಮೇಲೆ ಪಲ್ಯ, ಕೊದಿಲಿನ ಹೋಳು ಮತ್ತು ಬೇಳೆ. ಅನ್ನ ಬರುವಾಗ ಕೈ ಅಡ್ಡ ಹಿಡಿದು 'ರಜ್ಜ (ಸ್ವಲ್ಪ) ಸಾಕು' ಎನ್ನಿ. ಒತ್ತಾಯದಿಂದ ಬಿದ್ದದ್ದನ್ನು ಎಲೆಯಲ್ಲಿ ಬಿಡಿ. ಎಲೆಯಲ್ಲಿ ಬಿಡಬಾರದೆಂದು ಬೆಳೆದ ನಮಗೆ ಇದು ಮನಸ್ಸಿಗೆ ಒಗ್ಗದ ಮಾತು, ಆದರೂ ಬಿಡಿ.

ಪಾಯಸ? ಸಕ್ಕರೆ-ಬೆಲ್ಲದ ದ್ರವ ಸರ್ರನೆ ಸಣ್ಣಕರುಳಿಗೆ ಇಳಿದರೆ 10ರಿಂದ 30 ನಿಮಿಷದಲ್ಲಿ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು ಭೇದಿಯಾಗಬಹುದು. ಇಲ್ಲವೇ ಒಂದರಿಂದ ಮೂರು ಗಂಟೆ ಬಿಟ್ಟು ರಕ್ತದ ಸಕ್ಕರೆ ಕುಸಿದು ಕೈ ನಡುಗಬಹುದು. ಡಂಪಿಂಗ್ ಎನ್ನುವ ಈ ತೊಂದರೆ ತೂಕ ಇಳಿಸುವ ಇನ್ನೊಂದು ಆಪರೇಷನ್ನಾದ ಜಠರದ ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಊಟದ ಕೊನೆಗೆ ಒಂದು ಚಮಚ ರುಚಿ ನೋಡಿ. ನಿಮಗೆ ಎಷ್ಟು ತಡೆಯುತ್ತದೆಂದು ಪರೀಕ್ಷೆ ಮಾಡಿಕೊಳ್ಳಲು ಮದುವೆಮನೆ ತಕ್ಕ ಜಾಗವಲ್ಲ.

ಊಟವಾದ ಮೇಲಿನ ತಾಂಬೂಲದಲ್ಲಿ ಹೊಗೆಸೊಪ್ಪು ಖಂಡಿತ ಬೇಡ. ಅಡಿಕೆಯೂ ಬೇಡ ಎಂದು ಅಡಿಕೆ ತೋಟದ ಮನೆಗೆ ಬರೆಯಲು ಸಂಕೋಚವಾಗುತ್ತದೆ, ಬರೆಯುತ್ತೇನೆ. ಉಂಡು ಕೂಡಲೇ ಮಲಗಬೇಡಿ, ಎರಡು-ಮೂರು ಗಂಟೆ ಕಳೆಯಲಿ. ಸ್ಲೀವ್ ನಂತರ ಹುಳಿತೇಗು, ಎದೆಯುರಿ ಹೊಸದಾಗಿ ಶುರುವಾಗುವವರಿದ್ದಾರೆ, ನಿಮಗೂ ಇದ್ದರೆ ಮುಚ್ಚಿಡದೆ ಹೇಳಿ. ಏನು ಕಾಯಿಲೆ, ಇಷ್ಟು ಸೊರಗಿದ್ದೀ ಎಂದು ಕೇಳುವವರು ಹತ್ತು ಮಂದಿ ಇರುತ್ತಾರೆ. ಎಲ್ಲರಿಗೂ ಪೂರ್ತಿ ಕತೆ ಹೇಳುವ ಸಾಲ ನಿಮಗಿಲ್ಲ. 'ಹೊಟ್ಟೆಯ ಆಪರೇಷನ್ ಆಗಿದೆ, ಪಥ್ಯದಲ್ಲಿದ್ದೇನೆ' ಎಂದರೆ ಅದು ಸುಳ್ಳೂ ಅಲ್ಲ, ಮಾತೂ ಅಲ್ಲಿಗೆ ನಿಲ್ಲುತ್ತದೆ.

ಮಾತ್ರೆಗಳ ಬಗ್ಗೆ ನೀವು ಒಂದು ಅಕ್ಷರವನ್ನೂ ಬರೆದಿಲ್ಲ. ಅದೇ ನನ್ನ ನಿಜವಾದ ಚಿಂತೆ. ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಕಬ್ಬಿಣ, ಇವು ಆರು ತಿಂಗಳ ಕೋರ್ಸ್ ಅಲ್ಲ, ಜೀವನಪೂರ್ತಿ. ಬಿ12 ಹೀರಿಕೊಳ್ಳಲು ಬೇಕಾದ ಆಮ್ಲವೂ ಅದಕ್ಕೆ ಜೊತೆಯಾಗುವ ಅಂಶವೂ ಹುಟ್ಟುವುದು ಜಠರದಲ್ಲಿ. ಅದರ ಬಹುಪಾಲು ಹೋಗಿದೆ, ಸಾಲದ್ದಕ್ಕೆ ನೀವು ಸಸ್ಯಾಹಾರಿ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಒಟ್ಟಿಗೆ ಅಲ್ಲ, ಎರಡು-ಮೂರು ಸಲ ಹಂಚಿ. ಸಿಟ್ರೇಟ್ ರೂಪದ್ದು ಸುಲಭವಾಗಿ ಒಳಗೆ ಸೇರುತ್ತದೆ. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿಲಿಗ್ರಾಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಚಹಾ-ಕಾಫಿಯ ಜೊತೆ ನುಂಗಿದರೆ ನುಂಗಿದ್ದರಲ್ಲಿ ಬಹಳಷ್ಟು ವ್ಯರ್ಥ.

ಇವೆಲ್ಲಕ್ಕಿಂತ ತುರ್ತಿನದು ಬಿ1, ಅಂದರೆ ಥಯಾಮಿನ್. ದೇಹದಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕಷ್ಟೇ ಸಾಕು. ನಿಮ್ಮ ಹಾಗೆ ಪದೇ ಪದೇ ವಾಂತಿಯಾಗುತ್ತಿದ್ದರೆ ಅದು ಬರಿದಾಗುತ್ತದೆ. ಕುಚ್ಚಲಕ್ಕಿಯನ್ನು ಭತ್ತದಲ್ಲಿದ್ದಾಗಲೇ ಬೇಯಿಸುವುದರಿಂದ ತೌಡಿನ ಬಿ1 ಕಾಳಿನೊಳಗೆ ಇಳಿದು ಉಳಿದುಕೊಳ್ಳುತ್ತದೆ, ಬೆಳ್ತಿಗೆಗಿಂತ ಅದು ಮೇಲು ಎಂಬುದು ಅದಕ್ಕೇ. ಆದರೆ ಎರಡು ಚಮಚ ಅನ್ನದಿಂದ ಬರುವುದೆಷ್ಟು? ಬಿ1 ಬರಿದಾದರೆ ನಡೆಯುವಾಗ ತೂರಾಡುವುದು, ಒಂದು ಎರಡಾಗಿ ಕಾಣುವುದು, ಪಾದ ಉರಿ, ಮಾತಿನಲ್ಲಿ ಗೊಂದಲ ಕಾಣಿಸಿಕೊಳ್ಳುತ್ತವೆ. ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿ.

ಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ವಾಂತಿಯಾಗಿ ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ಯುತ್ತಾರೆ, ಅಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸುತ್ತಾರೆ. ಗ್ಲೂಕೋಸನ್ನು ಉರಿಸಲು ದೇಹಕ್ಕೆ ಥಯಾಮಿನ್ ಬೇಕು. ಇದ್ದಬದ್ದದ್ದೂ ಅದಕ್ಕೆ ಖರ್ಚಾಗಿ ರೋಗಿ ಇನ್ನಷ್ಟು ಕೆಡಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ನಂತರ, ಈ ಮಾತು ಮನೆಯಲ್ಲಿ ಒಬ್ಬರಿಗಾದರೂ ಬಾಯಿಪಾಠ ಇರಲಿ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಇಲ್ಲಿ ಗಡಿಯ ಈಚೆ ಕೇರಳದಲ್ಲಿ ಬದುಕುವ ನಿಮ್ಮಂಥವರಿಗೆ ನಾನು ಹೇಳುವುದು ಒಂದು ಕಾರ್ಡು ಮಾಡಿಸಿಟ್ಟುಕೊಳ್ಳಿ ಎಂದು. ರಾತ್ರಿ ಹೊತ್ತು ಕಾಸರಗೋಡಿನ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ನಿಮ್ಮ ಕನ್ನಡ ಅರ್ಥವಾಗದಿರಬಹುದು, ನಿಮ್ಮ ಮಂಗಳೂರಿನ ಫೈಲು ಮನೆಯ ಕಪಾಟಿನಲ್ಲಿರಬಹುದು. ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಬರೆಸಿ: ಯಾವ ಆಪರೇಷನ್, ಯಾವ ತಾರೀಕು, ಸರ್ಜನರ ಫೋನು, ಗ್ಲೂಕೋಸಿಗೆ ಮೊದಲು ಥಯಾಮಿನ್, ಡೈಕ್ಲೋಫೆನಾಕ್-ಐಬುಪ್ರೊಫೆನ್ ಜಾತಿಯ ನೋವಿನ ಔಷಧ ಬೇಡ. ಈ ನೋವಿನ ಔಷಧಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ಬೈಪಾಸ್ ಆದವರಿಗಂತೂ ನಿಷಿದ್ಧ, ಸ್ಲೀವ್ ಆದವರೂ ಸರ್ಜನರನ್ನು ಕೇಳದೆ ಮುಟ್ಟಬಾರದು. ಮಂಡಿನೋವಿಗೆ ಪ್ಯಾರಾಸಿಟಮಾಲ್ ಸಾಕು. ಜ್ವರದ ಜೊತೆ ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ, ಸುಮ್ಮನಿದ್ದಾಗಲೂ ನಾಡಿ 120ರ ಮೇಲೆ ಓಡುವುದು, ಮೀನಖಂಡದ ಬಾವು, ಉಸಿರುಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಬಲಪಕ್ಕೆಯ ಕೆಳಗೆ ಊಟದ ನಂತರ ನೋವು ಬಂದರೆ ಪಿತ್ತಕೋಶದ ಕಲ್ಲಿಗಾಗಿ ಸ್ಕ್ಯಾನ್ ಮಾಡಿಸಿ, ಬೇಗ ತೂಕ ಇಳಿಯುವವರಲ್ಲಿ ಅದು ಹೆಚ್ಚು. ಸಕ್ಕರೆ ಕಾಯಿಲೆ ಅಥವಾ ಬಿಪಿಗೆ ಮಾತ್ರೆ ನುಂಗುತ್ತಿದ್ದರೆ ಹಳೆಯ ಪ್ರಮಾಣವೇ ಮುಂದುವರಿಯಬಾರದು, ತೂಕ ಇಳಿದ ಹಾಗೆ ಅದೂ ಇಳಿಯಬೇಕಾಗುತ್ತದೆ.

ಕೊನೆಗೆ, ನೀವು ಒಳ್ಳೆಯ ಸುದ್ದಿಯೆಂದು ಬರೆದ ಮುಟ್ಟಿನ ವಿಷಯ. ತೂಕ ಇಳಿದಾಗ ಅಂಡಾಶಯ ಮತ್ತೆ ಸರಿಯಾಗಿ ಕೆಲಸ ಮಾಡತೊಡಗುತ್ತದೆ, ವರ್ಷಗಟ್ಟಲೆ ಆಗದ ಗರ್ಭ ಅನಿರೀಕ್ಷಿತವಾಗಿ ನಿಲ್ಲುವುದುಂಟು. ಆದರೆ ಆಪರೇಷನ್ ಆಗಿ 12ರಿಂದ 18 ತಿಂಗಳವರೆಗೆ ಬಸಿರಾಗುವುದನ್ನು ಮುಂದೂಡಬೇಕು. ನೀವೇ ಅರ್ಧ ಕಪ್ ಉಣ್ಣುತ್ತಿರುವಾಗ ಮಗುವಿಗೆ ಸಾಕಷ್ಟು ಪೋಷಣೆ ಸಿಗುವುದಿಲ್ಲ. ವಾಂತಿಯಾಗುವವರಿಗೆ ಗರ್ಭನಿರೋಧಕ ಮಾತ್ರೆಗಳನ್ನು ನಂಬುವಂತಿಲ್ಲ, ಕಾಪರ್-ಟಿಯಂಥ ಬೇರೆ ಉಪಾಯವನ್ನು ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ. ಮಗು ಬೇಕೆಂದಿದ್ದರೆ ಆ ಅವಧಿ ಮುಗಿದ ಮೇಲೆ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಫೋಲಿಕ್ ಆಮ್ಲ ಶುರು ಮಾಡಿ ಮುಂದುವರಿಯಬಹುದು. ಈ ರಕ್ತಪರೀಕ್ಷೆಗಳ ಮೊದಲ ಸುತ್ತು ನಿಮಗೆ ಈಗಲೇ, ಮೂರು ತಿಂಗಳಿಗೇ ಆಗಬೇಕು. ರಕ್ತ ಕಾಸರಗೋಡಿನಲ್ಲೇ ಕೊಟ್ಟು, ವರದಿಯನ್ನು ಮಂಗಳೂರಿನ ಡಾಕ್ಟರಿಗೆ ಫೋನಿನಲ್ಲಿ ಕಳಿಸಿದರೂ ನಡೆಯುತ್ತದೆ. ಬಸಿರು ಮುಂದೂಡುವ ವಿಷಯವನ್ನು ಅತ್ತೆಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಗಂಡನಿಗೆ ಮಾತ್ರ ಈ ವಾರವೇ ಹೇಳಿ.